ಹಂದಿ ಬಿಟ್ಟ ಕಾಯಿ

ಮಾಗಿಯ ಚಳಿ ಶುರುವಾಯಿತೆಂದರೆ ನಮ್ಮೂರಿನವರೆಲ್ಲ ಈ ವರ್ಷ ಬೆಟ್ಟದಿಂದ ಹಂದಿ ಇಳಿಯದಿರಲಿ ದೇವರೇ ಎಂದು ಕೈಮುಗಿಯುತ್ತಿದ್ದರು. ನಮ್ಮತ್ತೆ ಒಬ್ಬರು ಮಾತ್ರ ಇಳಿಯಲಿ ಎಂದು ಕಾಯುತ್ತಿದ್ದರು. ಇದನ್ನು ಹೊರಗೆ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಹೇಳಿದ್ದರೆ ಪಕ್ಕದ ಅವರೆಕಾಯಿ ಹೊಲದವರು ಮನೆ ಮುಂದೆ ಬಂದು ಜಗಳಕ್ಕೆ ನಿಲ್ಲುತ್ತಿದ್ದರು.

ನಾನು ಪಾವಗಡದ ಕಡೆಯವಳು. ನಮ್ಮ ಕಡೆ ಅರ್ಧ ಮಾತು ತೆಲುಗು, ಅರ್ಧ ಮಾತು ಜಗಳ ಎಂದು ನನ್ನ ಗಂಡ ಈಗಲೂ ಆಡಿಕೊಳ್ಳುತ್ತಾರೆ. ಮದುವೆಯಾಗಿ ಮಧುಗಿರಿಗೂ ಕೊರಟಗೆರೆಗೂ ನಡುವಿನ ಈ ಊರಿಗೆ ಬಂದ ಮೊದಲ ಮಾಗಿಯಲ್ಲಿ, ಒಂದು ಬೆಳಿಗ್ಗೆ ಕಾಫಿಗೆ ನೀರಿಡುವ ಮೊದಲೇ ಅತ್ತೆ ನನ್ನನ್ನು ಎಬ್ಬಿಸಿದರು.

"ಏಳಮ್ಮ, ಹೊಲದ ತಾವ ಹೋಗ್ಬರಾನ. ಬಂದು ಹೋಗವೆ."

ಯಾರು ಬಂದು ಹೋದರು ಎಂದು ಕೇಳಿದೆ.

"ಇನ್ಯಾರು, ಹಂದಿ" ಎಂದರು. ಮನೆಗೆ ನೆಂಟರು ಬಂದುಹೋದ ಸಡಗರ ಅವರ ದನಿಯಲ್ಲಿತ್ತು.

ನಮ್ಮ ಕಡಲೆಕಾಯಿ ಹೊಲ ಬೆಟ್ಟದ ಬುಡಕ್ಕೇ ಇದೆ. ಕಾಯಿ ಕಿತ್ತು ಆಗಲೇ ತಿಂಗಳಾಗಿತ್ತು. ಬೋಳು ನೆಲದಲ್ಲಿ ಅಲ್ಲಲ್ಲಿ ಮಣ್ಣು ಮಗುಚಿ ಬಿದ್ದಿತ್ತು, ಯಾರೋ ಹುಚ್ಚು ಹಿಡಿದವರು ನೇಗಿಲು ಕಟ್ಟಿ ಮನಸ್ಸಿಗೆ ಬಂದ ಕಡೆಯೆಲ್ಲ ಎಳೆದ ಹಾಗೆ. ಅತ್ತೆ ಸೀರೆ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕೂತು, ಆ ಮಣ್ಣಿನಲ್ಲಿ ಉಳಿದಿದ್ದ ಕಾಯಿಗಳನ್ನು ಒಂದೊಂದಾಗಿ ಆಯತೊಡಗಿದರು. ಅವರ ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಮನೆಯ ನಡುಕೋಣೆಯಲ್ಲಿ ಸೂರು ಮುಟ್ಟುವ ಹಾಗೆ ಕಡಲೆಕಾಯಿ ಚೀಲಗಳು. ಅಂಥ ಮನೆಯ ಯಜಮಾನಿ ಹಂದಿ ತಿಂದುಳಿದ ಕಾಯಿ ಹೆಕ್ಕುತ್ತಿದ್ದಾರೆ. ಅಯ್ಯೋ ದೇವುಡಾ, ಎಂಥ ಜಿಪುಣರ ಮನೆಗೆ ಬಂದು ಬಿದ್ದೆನಪ್ಪಾ ಎಂದುಕೊಂಡೆ. ಅಂದುಕೊಂಡದ್ದನ್ನು ಸಂಜೆ ಗಂಡನಿಗೆ ಹೇಳಿಯೂ ಬಿಟ್ಟೆ. ಅವರು ನಗಲಿಲ್ಲ. ಆಗ ನನಗೆ ಈ ಮನೆಯ ಆಣೆಯ ವಿಷಯ ಗೊತ್ತಾಯಿತು.

ನನ್ನ ಗಂಡನಿಗೆ ಒಬ್ಬಳೇ ತಂಗಿ. ಮಧುಗಿರಿ ಕಾಲೇಜಿನಲ್ಲಿ ಜೊತೆಗೆ ಓದಿದ ಹುಡುಗನನ್ನು, ನನ್ನ ಮದುವೆಗೆ ಒಂದು ವರ್ಷ ಮುಂಚೆ, ಮನೆಯವರಿಗೆ ಹೇಳದೆ ಮದುವೆಯಾಗಿದ್ದಳು. ಜಾತಿ ಬೇರೆ. ಹುಡುಗನದು ಸಿರಾದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಸುದ್ದಿ ಬಂದ ದಿನ ನಮ್ಮ ಮಾವ ದೇವರ ಮನೆಗೆ ಹೋಗಿ, ಉರಿಯುವ ದೀಪದ ಮೇಲೆ ಕೈಯಿಟ್ಟು, ಮನೆಯವರೆಲ್ಲ ಕೇಳುವ ಹಾಗೆ, "ಇವತ್ತಿಂದ ಈ ಮನೇದು ಒಂದು ಕಾಳು ಅವಳ ಹೊಸ್ತಿಲು ದಾಟಿದ್ರೆ ನನ್ ಹೆಣ ಬಿದ್ದಂಗೆ" ಎಂದುಬಿಟ್ಟಿದ್ದರು.

ಸಿಟ್ಟಿನಲ್ಲಿ ಗಂಡಸರು ಏನೇನೋ ಅನ್ನುತ್ತಾರೆ. ನಮ್ಮಪ್ಪ ವರ್ಷಕ್ಕೆರಡು ಸಲ ಮನೆ ಬಿಟ್ಟು ಕಾಶಿಗೆ ಹೋಗುತ್ತೇನೆ ಎನ್ನುತ್ತಿದ್ದರು, ಪಾವಗಡದ ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿದು ವಾಪಸ್ ಬರುತ್ತಿದ್ದರು. ಆದರೆ ಇದು ದೀಪದ ಮೇಲೆ ಕೈಯಿಟ್ಟು ಆಡಿದ ಮಾತು. ಆಡಿದವರೇ ವಾಪಸ್ ತೆಗೆದುಕೊಳ್ಳಬೇಕು. ಮಾವ ಹಟಕ್ಕೆ ಹೆಸರಾದವರು, ತೆಗೆದುಕೊಳ್ಳಲಿಲ್ಲ. ಅತ್ತೆ ತೆಗೆದುಕೊಳ್ಳಿ ಎಂದು ಕೇಳಲಿಲ್ಲ. ನಾದಿನಿಯೂ ಅದೇ ಬೀಜ. ಅಪ್ಪ ಬಾ ಅಂತ ಒಂದು ಮಾತು ಕರೆಯಲಿ, ಆಮೇಲೆ ಬರುತ್ತೇನೆ ಎಂದು ಕೂತಳು.

ಅತ್ತೆ ಮಗಳ ಮನೆಗೆ ಹೋಗಬಾರದು ಎಂದು ಮಾವ ಅಂದಿರಲಿಲ್ಲ. ಫೋನಿನಲ್ಲಂತೂ ದಿನಾ ಮಾತು ನಡೆಯುತ್ತಿತ್ತು, ಅದೂ ನನ್ನ ಫೋನಿನಲ್ಲೇ. "ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ ಅತ್ತೆ" ಎಂದರೆ ಅವರು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

"ಮಗಳ ಮನೆಗೆ ಬರಿಗೈಲಿ ಹೆಂಗಮ್ಮ ಹೋಗದು? ತವರು ಸತ್ತೋಗೈತೆ ಅಂತ ಹೇಳಕ್ಕೆ ಹೋಗ್ಲಾ?"

ಅಂಗಡಿಯಲ್ಲಿ ಹಣ್ಣು ಕೊಂಡರೆ ಕಾಸು ಮನೆಯದು. ನಾನು ಊರವರ ರವಿಕೆ ಹೊಲಿದು ದುಡಿದದ್ದು ಇದೆಯಲ್ಲ, ಅದರಲ್ಲಿ ತೆಗೆದುಕೊಡುತ್ತೇನೆ ಎಂದೆ. "ನೀನು ಯಾರ ಮನೆ ಸೊಸೆ ಕಣಮ್ಮ?" ಎಂದು ಬಾಯಿ ಮುಚ್ಚಿಸಿದರು. ಅತ್ತೆಯ ತವರಿನಲ್ಲಿ ಕೇಳಿ ತರಲು ಯಾರೂ ಉಳಿದಿರಲಿಲ್ಲ.

ಉಳಿದದ್ದು ಹಕ್ಕಲು. ಕಿತ್ತು ಮುಗಿಸಿ ಬಿಟ್ಟ ಹೊಲದಲ್ಲಿ ಉಳಿದ ಕಾಯನ್ನು ಆಯುವುದಕ್ಕೆ ನಮ್ಮಲ್ಲಿ ಹಕ್ಕಲು ಎನ್ನುತ್ತಾರೆ. ಹಕ್ಕಲು ಆಯ್ದ ಹೆಂಗಸಿನದೇ, ಹೊಲದ ಯಜಮಾನ ಅದರ ಲೆಕ್ಕ ಕೇಳುವ ಹಾಗಿಲ್ಲ. ಆದರೆ ಅತ್ತೆ ಇನ್ನೊಬ್ಬರ ಹೊಲದಲ್ಲಿ ಆಯಲು ಹೋದರೆ ಕೂಲಿ ಹೆಂಗಸರ ಪಾಲಿಗೆ ಕೈಹಾಕಿದ ಹಾಗೆ, ಮಾವನ ಮರ್ಯಾದೆಯೂ ಬೀದಿಗೆ. ತಮ್ಮದೇ ಹೊಲದಲ್ಲಿ ತಾವೇ ಆಯ್ದರೆ ಅದು ಹಕ್ಕಲಾಗುವುದಿಲ್ಲ, ಮನೆಯ ಬೆಳೆಯೇ ಆಗುತ್ತದೆ. ಹೀಗೆ ಎಲ್ಲ ಕಡೆಯಿಂದಲೂ ಬಾಗಿಲು ಮುಚ್ಚಿದ ಮೇಲೆ ಅತ್ತೆಗೆ ಹಂದಿ ಕಣ್ಣಿಗೆ ಬಿದ್ದಿತ್ತು.

"ನೆಲದೊಳಗೆ ಇರೋಗಂಟ ಮನೇದು. ಹಂದಿ ಮೂತಿ ಹಾಕಿದ ಮೇಲೆ ಹಂದೀದು. ಹಂದಿ ಬಿಟ್ಟಿದ್ದು ಆಯ್ದೋರ್ದು. ಇದ್ರಾಗೆ ಆಣೆ ಎಲ್ಲಿ ಮುರೀತು, ಹೇಳು."

ಮಧುಗಿರಿ ಕೋರ್ಟಿನ ಯಾವ ವಕೀಲರೂ ಇಷ್ಟು ಚೆನ್ನಾಗಿ ವಾದ ಮಾಡಲಾರರು. ನಾನು ನಕ್ಕೆ. ನಗುವಂಥದ್ದೇ ಆಗಿತ್ತು ಆಗ.

ಹಂದಿಯ ವಿಷಯ ನನಗೆ ಗೊತ್ತಿರುವುದೆಲ್ಲ ಅತ್ತೆಯ ಹಿಂದೆ ತಿರುಗಿ ಗೊತ್ತಾದದ್ದು. ಮಳೆಗಾಲದಲ್ಲಿ ಅವು ಬೆಟ್ಟದ ಮೇಲೆಲ್ಲ ಚದುರಿಕೊಂಡಿರುತ್ತವೆ. ತುದಿಯ ಬಂಡೆಯಲ್ಲಿ ಮಳೆ ನೀರು ನಿಲ್ಲುವ ದೊಣೆ ಇದೆ, ಅದರ ಸುತ್ತಿನ ಕೆಸರಿನಲ್ಲಿ ಹೊರಳಾಡುತ್ತವೆ. ಆಮೇಲೆ ಸೀತಾಫಲದ ಕಾಲ. ಹಣ್ಣಾಗಿ ಉದುರಿದ್ದೆಲ್ಲ ಅವುಗಳ ಪಾಲು. ಸೀತಾಫಲ ಮುಗಿದು ಬಡಗಣ ಗಾಳಿ ಬೀಸತೊಡಗಿದರೆ, ಮನೆ ಬದಲಾಯಿಸುವವರ ಹಾಗೆ ಇಡೀ ಹಿಂಡು ಬೆಟ್ಟದ ನಮ್ಮ ಮಗ್ಗುಲಿಗೆ ಬರುತ್ತಿತ್ತು. ನಮ್ಮ ಮಗ್ಗುಲಿಗೆ ಬೆಳಗಿನ ಬಿಸಿಲು ಮೊದಲು ಬೀಳುತ್ತದೆ. ದೊಡ್ಡ ಬಂಡೆಗಳು ಸಂಜೆಯತನಕ ಕಾದು, ರಾತ್ರಿಯೂ ಬೆಚ್ಚಗಿರುತ್ತವೆ. ಆ ಬಂಡೆಗಳ ಬುಡದಲ್ಲಿ ಒಣಹುಲ್ಲು ಕಚ್ಚಿ ತಂದು, ಒತ್ತಿ ಒತ್ತಿ ಹಾಸಿಗೆ ಮಾಡಿಕೊಂಡು ಹಗಲೆಲ್ಲ ಮಲಗಿರುತ್ತಿದ್ದವು. ಕತ್ತಲಾದ ಮೇಲೆ ಹಳ್ಳದ ಗುಂಟ ಇಳಿದು ಮೊದಲು ನಮ್ಮ ಹೊಲ, ಆಮೇಲೆ ರಾಗಿ ಕೂಳೆ, ಕೊನೆಗೆ ಕೆರೆಯ ಅಂಗಳದಲ್ಲಿ ಕೊನ್ನಾರಿ ಗಡ್ಡೆ. ಬೆಳಕು ಹರಿಯುವುದರೊಳಗೆ ಬಂದ ದಾರಿಯಲ್ಲೇ ವಾಪಸ್. ಹತ್ತುವ ಮುಂಚೆ ನಮ್ಮ ಹೊಲದ ಬದದ ಬೇವಿನ ಮರಕ್ಕೆ ಮೈ ಉಜ್ಜಿ ಕೆಸರು ಬಳಿದು ಹೋಗುತ್ತಿದ್ದವು. ಶಿವರಾತ್ರಿ ಕಳೆದು ಬಂಡೆ ಸುಡತೊಡಗಿದರೆ ಆ ಹಾಸಿಗೆಗಳನ್ನು ಬಿಟ್ಟು ಹಿಂದಿನ ಮಗ್ಗುಲಿನ ನೆರಳಿಗೆ ಹೊರಟುಹೋಗುತ್ತಿದ್ದವು.

ಒಂದು ಸಲ ಮಂಜು ದಟ್ಟವಾಗಿದ್ದ ಬೆಳಿಗ್ಗೆ, ತಡವಾಗಿ ಹೊರಟ ಹಿಂಡನ್ನು ನಾವಿಬ್ಬರೂ ಕಣ್ಣಾರೆ ನೋಡಿದೆವು. ಮುಂದೆ ಕಿವಿ ಹರಿದ ಒಂದು ಮುದಿ ಹೆಣ್ಣು, ಅದರ ಹಿಂದೆ ಪ್ರಾಯದವು, ಕೊನೆಯಲ್ಲಿ ಅಳಿಲಿನ ಹಾಗೆ ಮೈಮೇಲೆ ಗೆರೆಯಿದ್ದ ಮರಿಗಳು. ನಾನು ಹೆದರಿ ಅತ್ತೆಯ ಸೆರಗು ಹಿಡಿದೆ. ಅವರು ಮಾತ್ರ ಮೆಲ್ಲಗೆ, "ಹೋಗ್ರವ್ವ, ಹೋಗ್ರಿ, ಹೊಟ್ಟೆ ತುಂಬ್ತಾ?" ಎನ್ನುತ್ತಿದ್ದರು.

ದೀಪಾವಳಿಯ ಹೊತ್ತಿಗೆ ಮಳೆ ಕೈಕೊಟ್ಟು ನೆಲ ಗಟ್ಟಿಯಾದ ವರ್ಷ ಗಿಡ ಕೀಳುವಾಗ ಕಾಯಿ ಕಳಚಿ ಒಳಗೇ ಉಳಿಯುತ್ತದೆ. ಊರವರಿಗೆ ನಷ್ಟದ ವರ್ಷ, ಅತ್ತೆಗೆ ಹಬ್ಬದ ವರ್ಷ. ಹಂದಿ ಗಬಗಬ ತಿನ್ನುವ ಪ್ರಾಣಿ. ಅರ್ಧ ತಿಂದು ಅರ್ಧ ಚೆಲ್ಲುತ್ತದೆ. ಆ ಚೆಲ್ಲಿದ್ದನ್ನು ಅತ್ತೆ ದಿನಕ್ಕಿಷ್ಟು ಆಯ್ದು, ಹೊಲದ ಬಂಡೆಯ ಮೇಲೇ ಒಣಗಿಸಿ, ಸಂಕ್ರಾಂತಿಯ ಹೊತ್ತಿಗೆ ಒಂದು ಕೈಚೀಲ ತುಂಬಿಸುತ್ತಿದ್ದರು. ಆ ಚೀಲ ಕೂಡ ನಾದಿನಿ ಕೊಟ್ಟು ಕಳಿಸಿದ್ದು. ಮನೆಯ ಮಾಳಿಗೆಯ ಮೇಲೆ ಒಣಗಿಸಿದರೆ ಮನೆಯ ಕಾಯಿ ಒಂದೆರಡು ಬೆರೆತುಬಿಟ್ಟೀತು ಎಂಬ ಭಯ. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆದ ವರ್ಷ, "ಟಿಕೆಟ್ಟೂ ಮಾವನ ಮನೇದಲ್ಲ, ಇನ್ನೇನು ಬೇಕು ನಿಮಗೆ" ಎಂದು ನಾನು ಕಾಲೆಳೆದೆ. ಖಾಸಗಿ ಬಸ್ಸು ಎಷ್ಟು ಬಂದರೂ ಹತ್ತದೆ, ಸರ್ಕಾರಿ ಬಸ್ಸಿಗಾಗಿ ಮಧುಗಿರಿಯಲ್ಲಿ ಬಿಸಿಲಲ್ಲಿ ನಿಂತರು, ಮಹರಾಯಿತಿ.

ಸಿರಾದಲ್ಲಿ ನಾದಿನಿ ಬಾಗಿಲಲ್ಲೇ ಕಾಯುತ್ತಿದ್ದಳು. ಪಕ್ಕದ ಮನೆಯ ಸಾಬರ ಹೆಂಗಸು ಕಾಂಪೌಂಡಿನ ಮೇಲಿಂದ, "ಅಮ್ಮಾ ಬಂದ್ರಾ? ಈ ಸಾಲ್ ಫಸಲು ಜೋರಾ?" ಎಂದು ಕೇಳುತ್ತಿದ್ದರು. ನಾದಿನಿ ಚೀಲದೊಳಗೆ ಕೈಹಾಕಿ, ಒಂದು ಕಾಯಿ ಒಡೆದು ಹಸಿಯಾಗೇ ಬಾಯಿಗೆ ಹಾಕಿಕೊಂಡು, "ನಮ್ ಹೊಲದ್ದೇ" ಎನ್ನುವಳು. ಅತ್ತೆ ಬೆಚ್ಚಿ, "ನಮ್ ಹೊಲದ್ದಲ್ಲ ಕಣೇ. ಹಂದೀದು. ಬುಡ್ತು ಅನ್ನು" ಎನ್ನುವರು. ಅವಳು ಬಿಡ್ತು ಎಂದು ಹೇಳುವತನಕ ಅತ್ತೆ ಕೂರುತ್ತಿರಲಿಲ್ಲ. ಆಣೆಯಿದ್ದದ್ದು ಗಂಡನ ಜೀವದ ಮೇಲೆ. ಅದು ಅವರಿಗೆ ತಮಾಷೆಯಾಗಿರಲಿಲ್ಲ.

ಎರಡು ದಿನ ಇದ್ದು ನಾವು ವಾಪಸ್ ಬಂದರೆ ಮಾವ ಜಗುಲಿಯಲ್ಲಿ ಕೂತಿರುತ್ತಿದ್ದರು. "ಬಸ್ಸು ರಷ್ಷಾ?" ಎಂದು ಕೇಳುತ್ತಿದ್ದರು, ಅಷ್ಟೇ. ಅತ್ತೆ, "ರಷ್ಷೇನಿರಲಿಲ್ಲ. ಎಲ್ಲಾ ಚೆನ್ನಾಗೈತೆ. ಕೂತ್ಕೊಳ್ಳಾಕೆ ಜಾಗ ಸಿಕ್ತು" ಎನ್ನುತ್ತಿದ್ದರು. ಬಸ್ಸಿನ ಮಾತಿನಲ್ಲಿ ಮಗಳ ಸಮಾಚಾರ ಮುಗಿಯುತ್ತಿತ್ತು. ಮಾವ ಒಂದು ಸಲ ತಲೆಯಾಡಿಸಿ ಎದ್ದುಹೋಗುತ್ತಿದ್ದರು.

ಇನ್ನೊಂದು ವಿಷಯ ನನಗೆ ಮೆಲ್ಲಗೆ ಹೊಳೆಯಿತು. ಊರವರೆಲ್ಲ ಬೆಳೆ ಕಿತ್ತ ಕೂಡಲೇ ಮಾಗಿ ಉಳುಮೆ ಮುಗಿಸಿಬಿಡುತ್ತಾರೆ. ನಮ್ಮ ಹೊಲ ಮಾತ್ರ ಸಂಕ್ರಾಂತಿ ಕಳೆಯುವತನಕ ಹಾಗೇ ಬಿದ್ದಿರುತ್ತಿತ್ತು. ನನ್ನ ಗಂಡ ಟ್ರ್ಯಾಕ್ಟರ್ ಕರೆಯುತ್ತೇನೆ ಎಂದರೆ ಮಾವ, "ತಡಿಯಲಾ, ನೆಲ ಆರ್ಲಿ" ಎನ್ನುತ್ತಿದ್ದರು. ಹಾರೆ ಹಾಕಿದರೂ ಇಳಿಯದ ನೆಲ, ಇನ್ನೇನು ಆರಬೇಕಿತ್ತು? ಹೊಲ ಉತ್ತುಬಿಟ್ಟರೆ ಹಂದಿಗೆ ಕೆಲಸವಿರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಗಂಡ ಹೆಂಡತಿ ಇಬ್ಬರೂ ಒಂದೇ ಹಂದಿಯನ್ನು ಕಾಯುತ್ತಿದ್ದರು, ಒಬ್ಬರಿಗೊಬ್ಬರು ಹೇಳದೆ. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಒಂದೇ ಸೂರಿನ ಕೆಳಗೆ ಉಂಡು ಮಲಗುವವರು ಒಂದು ಮಾತು ಆಡಿದ್ದರೆ ಏನು ಖರ್ಚಾಗುತ್ತಿತ್ತು?

ಹೀಗೇ ನಾಲ್ಕಾರು ವರ್ಷ ನಡೆಯಿತು. ಆಮೇಲೆ ಬೇಲಿ ಬಂತು.

ಬೇಲಿ ಹಾಕಿಸಿದವರ ತಪ್ಪೇನೂ ಇಲ್ಲ. ಆ ವರ್ಷ ಹಂದಿ ಪಕ್ಕದವರ ಅವರೆ ಹೊಲಕ್ಕೆ ನುಗ್ಗಿ, ಸೊಗಡು ಕಟ್ಟಿದ ಕಾಯನ್ನೆಲ್ಲ ಬಳ್ಳಿ ಸಮೇತ ತುಳಿದು ಹಾಕಿದ್ದವು. ಸಲೂನಿನಿಂದ ಕೂದಲು ತಂದು ಬದದ ಮೇಲೆ ಉದುರಿಸಿದರು, ಹಳೇ ಸೀರೆ ಸುತ್ತ ಕಟ್ಟಿದರು. ಒಂದು ವಾರ ಹೆದರಿದವು, ಆಮೇಲೆ ಸೀರೆಯ ಕೆಳಗೇ ನುಸುಳಿ ಬಂದವು. ಕೊನೆಗೆ ಬೆಟ್ಟದ ಬುಡದ ಹೊಲದವರೆಲ್ಲ ಸೇರಿ, ನನ್ನ ಗಂಡನೇ ಮುಂದಾಳಾಗಿ, ದೊಡ್ಡ ಬಂಡೆಯಿಂದ ಕೆರೆ ಏರಿಯತನಕ ಸೋಲಾರ್ ತಂತಿ ಎಳೆಸಿದರು. ಮುಟ್ಟಿದರೆ ಕೆನ್ನೆಗೆ ಹೊಡೆದ ಹಾಗೆ ಒಂದು ಏಟು, ಪ್ರಾಣಕ್ಕೆ ಏನೂ ಆಗುವುದಿಲ್ಲ.

ಬೇಲಿ ಬಂದ ಮೇಲಿನ ಮಾಗಿಯಲ್ಲಿ ಹಿಂಡು ಎಂದಿನ ಹಾಗೆ ಇಳಿದಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ತಂತಿಯ ಆಚೆ, ಅದರ ಗುಂಟವೇ, ಗೊರಸಿನ ಗುರುತು ಉದ್ದಕ್ಕೂ ಮೂಡಿತ್ತು. ಎಲ್ಲಾದರೂ ಸಂದು ಇದೆಯೇ ಎಂದು ಹುಡುಕಿಕೊಂಡು ಕೆರೆ ಏರಿಯತನಕ ಹೋಗಿ, ಅಲ್ಲಿಂದ ತಿರುಗಿ ಬಂದಿದ್ದವು. ಅತ್ತೆ ತಂತಿಯ ಈಚೆ, ಆ ಗುರುತಿನ ಜೊತೆಜೊತೆಗೇ ನಡೆದರು. ನಾನು ಹಿಂದಿದ್ದೆ. ಹೊಲದಲ್ಲಿ ಕಾಯಿ ಇತ್ತು, ನೆಲದೊಳಗೆ, ಅವರ ಕಾಲಡಿಯಲ್ಲೇ. ಬಗ್ಗಿ ಬೆರಳು ಹಾಕಿದರೆ ಸಿಗುತ್ತಿತ್ತು. ಅವರು ಬಗ್ಗಲಿಲ್ಲ.

ಬೇಲಿಯಿಂದ ಅತ್ತೆಗೆ ಆಯಲು ಏನೂ ಇಲ್ಲದಂತಾಯಿತೆಂದು ನನ್ನ ಗಂಡನಿಗೆ ಹೇಳಿದ್ದು ನಾನೇ. ಅವರು ತಲೆ ಚಚ್ಚಿಕೊಂಡರು. "ಅಷ್ಟಕ್ಕೇನಾ? ಅಮ್ಮ, ಒಂದು ಮೂಟೆ ಕಾಯಿ ಹೊರಿಸ್ಕೊಂಡು ನಾನೇ ಹೋಗಿ ಕೊಟ್ಟು ಬತ್ತೀನಿ, ಯಾರು ಕೇಳ್ತಾರೆ?"

"ನಿಮ್ಮಪ್ಪನ ಜೀವ ಕೇಳ್ತೈತೆ" ಎಂದರು ಅತ್ತೆ.

ಆ ಸಂಕ್ರಾಂತಿಗೆ ಅವರು ಸಿರಾಕ್ಕೆ ಹೋಗಲಿಲ್ಲ. ಫೋನಿನಲ್ಲಿ ನಾದಿನಿ, "ಸುಮ್ನೆ ಬಾರಮ್ಮ, ಏನೂ ತರಬೇಡ" ಎಂದು ಗೋಗರೆದಳು. "ಬತ್ತೀನಿ ತಡಿ, ಹಂದಿ ಇಳೀಲಿ" ಎಂದರು ಇವರು. ಕೇಳಿದವರು ನಗಬೇಕು. ನನಗೆ ಆ ಸಲ ನಗು ಬರಲಿಲ್ಲ.

ಮರುವರ್ಷ ಮಾಗಿ ಶುರುವಾಗುತ್ತಿದ್ದ ಹಾಗೆ ಮಾವ ಒಂದು ಬೆಳಿಗ್ಗೆ ಹೋಗಿ, ಹಳ್ಳ ಇಳಿಯುವ ಜಾಗದಲ್ಲಿ ತಂತಿ ಬಿಚ್ಚಿ ಎರಡೂ ಕಡೆ ಸುತ್ತಿಟ್ಟು ಬಂದರು. ನನ್ನ ಗಂಡ ಕೂಗಾಡಿದರು. "ಎತ್ತು ಹೋಗಾಕೆ ದಾರಿ ಬ್ಯಾಡ್ವೇನಲಾ?" ಎಂದರು ಮಾವ. ನಮ್ಮ ಎತ್ತುಗಳನ್ನು ಮಾರಿ ಯಾವ ಕಾಲವಾಗಿತ್ತೋ. ಮಗ ಅಪ್ಪನ ಮುಖ ನೋಡಿದರು, ಅವರೆ ಹೊಲದವರಿಗೂ ಅದೇನೋ ಹೇಳಿ ಒಪ್ಪಿಸಿ ಬಂದರು. ಅತ್ತೆ ಬಾಗಿಲ ಸಂದಿಯಿಂದ ಇದನ್ನೆಲ್ಲ ಕೇಳಿಸಿಕೊಂಡರು. ಅವತ್ತು ಮಾವನ ತಟ್ಟೆಗೆ ಒಂದು ಸೌಟು ತುಪ್ಪ ಹೆಚ್ಚು ಬಿತ್ತು.

ದಾರಿ ಬಿಟ್ಟದ್ದಾಯಿತು. ಹಂದಿ ಬರಲಿಲ್ಲ.

ಒಂದು ಮಧ್ಯಾಹ್ನ ನಾನು ಅತ್ತೆಯ ಜೊತೆ ಬೆಟ್ಟದ ಬಂಡೆಗಳತನಕ ಹತ್ತಿ ನೋಡಿ ಬಂದೆ. ಹಂದಿ ಮಲಗುತ್ತಿದ್ದ ಜಾಗದಲ್ಲಿ ಹುಲ್ಲು ಎದ್ದು ನಿಂತಿತ್ತು. ಬಿಸಿಲು ಅದೇ, ಬಂಡೆಯ ಕಾವೂ ಅದೇ, ಒಂದು ಹಾಸಿಗೆಯೂ ಇರಲಿಲ್ಲ. ಗೊರಸಿನ ಗುರುತು ಬೆಟ್ಟದ ಭುಜ ದಾಟಿ ಕೊರಟಗೆರೆಯ ಕಡೆಗೆ ಇಳಿದಿತ್ತು. ಆ ಕಡೆ ಹೊಸದಾಗಿ ಬೋರ್ ಕೊರೆಸಿ ಮುಸುಕಿನ ಜೋಳ ಹಾಕಿದ್ದಾರೆ. ಕಿವಿ ಹರಿದ ಆ ಮುದಿ ಹೆಣ್ಣು ಇತ್ತೋ ಸತ್ತಿತ್ತೋ. ಹಂದಿಗೆ ದಾರಿ ತೋರಿಸುವುದು ತಾಯಿ. ಬೇಲಿ ಕಂಡು ತಿರುಗಿದ ವರ್ಷ ಹಿಂದೆ ಇದ್ದ ಮರಿಗಳು ಕೊರಟಗೆರೆಯ ದಾರಿಯನ್ನೇ ಕಲಿತವು. ಅವುಗಳಿಗೆ ನಮ್ಮ ಹೊಲ ಇದೆ ಎಂಬುದೇ ಗೊತ್ತಿಲ್ಲ. ಅತ್ತೆ ಬಂಡೆಯ ಮೇಲೆ ಸ್ವಲ್ಪ ಹೊತ್ತು ಕೂತು, "ಮರ್ತುಬುಟ್ಟವೆ ಕಣಮ್ಮ" ಎಂದರು.

ಅದರ ಮುಂದಿನ ಮಾಗಿಯಲ್ಲಿ ಊರಿನ ಒಂದು ಮದುವೆಗೆಂದು ನಾವೆಲ್ಲ ಮಧುಗಿರಿಯ ಛತ್ರಕ್ಕೆ ಹೋಗಿದ್ದೆವು. ಮಾವ ಮಂಡಿ ನೋವೆಂದು ಮನೆಯಲ್ಲೇ ಉಳಿದರು. ನನಗೆ ಹೊಲಿಗೆ ಕೆಲಸ ಬಾಕಿ ಇತ್ತು, ಧಾರೆ ಮುಗಿದ ಕೂಡಲೇ ಬಸ್ಸು ಹಿಡಿದು ಬಂದೆ. ಬಸ್ಸು ಇಳಿದು ಬರುವ ದಾರಿಯಿಂದ ನಮ್ಮ ಹೊಲ ಕಾಣಿಸುತ್ತದೆ. ನಡು ಮಧ್ಯಾಹ್ನ, ಸುತ್ತ ಒಂದು ನರಪಿಳ್ಳೆಯಿಲ್ಲ. ಹೊಲದ ನಡುವೆ ಮಾವ, ಪಂಚೆ ಎತ್ತಿಕಟ್ಟಿ, ಗುದ್ದಲಿಯಿಂದ ನೆಲ ಕೆದಕುತ್ತಿದ್ದರು.

ಮೊದಲು ಏನೆಂದು ತಿಳಿಯಲಿಲ್ಲ. ಬದದ ಹುಣಸೆ ಮರದ ಮರೆಯಲ್ಲಿ ನಿಂತು ನೋಡಿದೆ. ನೆಟ್ಟಗೆ ಅಗೆಯುತ್ತಿರಲಿಲ್ಲ. ಇಲ್ಲಿ ಸ್ವಲ್ಪ, ಅಲ್ಲಿ ಸ್ವಲ್ಪ, ಸೊಟ್ಟಸೊಟ್ಟಗೆ. ಒಂದು ಕಡೆ ಕೆದಕಿ, ಕೂತು, ಕೈಯಲ್ಲೇ ಹೆಂಟೆ ಪುಡಿ ಮಾಡಿ, ಕಾಯಿಗಳನ್ನು ಮೇಲೆ ಕಾಣುವ ಹಾಗೆ ಚೆಲ್ಲುತ್ತಿದ್ದರು. ಒಂದೆರಡು ಕಾಯನ್ನು ಜಜ್ಜಿ ಸಿಪ್ಪೆ ಉದುರಿಸಿದರು, ತಿಂದು ಉಗಿದ ಹಾಗೆ. ಆಮೇಲೆ ತಂಬಿಗೆಯ ನೀರಿನಲ್ಲಿ ಮಣ್ಣು ಕಲಸಿ ಬೇವಿನ ಮರದ ಹತ್ತಿರ ಹೋಗಿ ಕಾಂಡಕ್ಕೆ ಬಳಿದರು. ಅಷ್ಟು ಹೊತ್ತು ಅಗೆದು ಸೊಂಟ ಹಿಡಿದಿತ್ತೇನೋ, ತಮ್ಮ ಎದೆಯ ಎತ್ತರಕ್ಕೇ ಬಳಿದರು. ಅಷ್ಟೆತ್ತರದ ಹಂದಿ ಈ ಬೆಟ್ಟದಲ್ಲಿ ಎಂದೂ ಹುಟ್ಟಿಲ್ಲ. ಕೈ ತೊಳೆದುಕೊಂಡು ಸ್ವಲ್ಪ ದೂರ ನಿಂತು ತಮ್ಮ ಕೆಲಸವನ್ನು ನೋಡಿದರು. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಅವರಿಗೆ ಕಾಣದ ಹಾಗೆ ಬೇರೆ ದಾರಿಯಲ್ಲಿ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಮಾವ ಜಗುಲಿಯಿಂದಲೇ, ಯಾರಿಗೂ ಅಲ್ಲವೆಂಬಂತೆ, "ಬೆಟ್ಟದ ಹೊಲಕ್ಕೆ ಏನೋ ಬಂದಂಗಿತ್ತಪ್ಪ" ಎಂದರು. ಅತ್ತೆ ಹಾಲು ಒಲೆಯ ಮೇಲೇ ಬಿಟ್ಟು ಹೊರಟರು. ನಾನು ಒಲೆ ಆರಿಸಿ ಹಿಂದೆ ಓಡಿದೆ. ದಾರಿಯುದ್ದಕ್ಕೂ ಅವರು, "ನಾನ್ ಹೇಳಿರ್ನಿಲ್ವಾ, ಬತ್ತವೆ ಅಂತ" ಎನ್ನುತ್ತಿದ್ದರು. ಅವರನ್ನು ತಡೆದು ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ನಂಬಲಿ, ಚೀಲ ತುಂಬಿಸಿಕೊಂಡು ಹೋಗಲಿ ಎಂದೇ ನನ್ನ ಆಸೆ.

ಅವರು ಕೆದಕಿದ ಮಣ್ಣಿನ ಹತ್ತಿರ ಕೂತರು. ಒಂದು ಕಾಯಿ ಎತ್ತಿಕೊಂಡರು. ಆಮೇಲೆ ಅವರ ಕೈ ನಿಂತಿತು. ಸುತ್ತ ಗೊರಸಿನ ಒಂದು ಗುರುತೂ ಇರಲಿಲ್ಲ. ಹೆಂಟೆಯ ಮೇಲೆ ಗುದ್ದಲಿಯ ಬಾಯಿ ಕೊರೆದ ನುಣುಪು ಗೆರೆ ಇತ್ತು. ಅವರು ಆ ಗೆರೆಯ ಮೇಲೆ ಬೆರಳಾಡಿಸಿದರು. ತಲೆಯೆತ್ತಿ ಬೇವಿನ ಮರ ನೋಡಿದರು. ತುಂಬ ಹೊತ್ತು ನೋಡಿದರು.

"ಗುದ್ದಲಿ ಏಟು ಕಣಮ್ಮ" ಎಂದರು.

"ಇರ್ಲಿ ಬಿಡಿ ಅತ್ತೆ" ಎಂದೆ. "ಮಾವನೇ ಅಗೆದವ್ರೆ. ಅವರೇ ಕೊಟ್ಟಂಗಾಯ್ತು. ಇನ್ನೇನು ಬೇಕು?"

"ಅಗೆದ್ರು, ಸರಿ. ಆಣೆ ವಾಪಸ್ ತಗೊಂಡೆ ಅಂದವ್ರಾ? ಇದು ಹಂದಿ ಬಿಟ್ಟಿದ್ದಲ್ಲ, ಮನೇದು. ಇದು ಅಲ್ಲಿಗೆ ಹೋಗಿ ನಾಳೆ ಅವ್ರಿಗೇನಾದ್ರೂ ಆದ್ರೆ?"

ಆ ಕಾಯಿಗಳನ್ನು ಅವರು ಅಲ್ಲೇ ಬಿಟ್ಟು ಬರಲಿಲ್ಲ. ಒಂದನ್ನೂ ಬಿಡದೆ, ಹೆಂಟೆ ಹೆಂಟೆ ಒಡೆದು ಆಯ್ದು ಮಡಿಲಿಗೆ ತುಂಬಿಕೊಂಡರು. ಬೇವಿನ ಮರಕ್ಕೆ ಬಳಿದ ಮಣ್ಣನ್ನು ಸೆರಗಿನಿಂದ ಉಜ್ಜಿ ಒರೆಸಿದರು, ಊರಿನವರು ನೋಡಿ ಮಾವನನ್ನು ಆಡಿಕೊಂಡು ನಗಬಾರದು ಎಂದು. ಮನೆಗೆ ಬಂದು, ಜಗುಲಿಯಲ್ಲಿ ಕೂತಿದ್ದ ಮಾವನ ಎದುರಿಗೇ, ಎಣ್ಣೆ ಮಿಲ್ಲಿಗೆಂದು ಕಟ್ಟಿಟ್ಟಿದ್ದ ಚೀಲದ ಬಾಯಿ ಬಿಚ್ಚಿ, ಮಡಿಲಿನ ಕಾಯನ್ನೆಲ್ಲ ಅದಕ್ಕೆ ಸುರಿದರು. ಮಾವ ನೋಡುತ್ತಲೇ ಇದ್ದರು. ಅವರ ಬಾಯಿ ಒಂದು ಸಲ ತೆರೆಯಿತು. ಈಗ ಆಡುತ್ತಾರೆ, ಈಗ ಆಡುತ್ತಾರೆ ಎಂದು ನಾನು ಬಾಗಿಲಲ್ಲಿ ಕಾದು ನಿಂತಿದ್ದೆ. ಅತ್ತೆಯೂ ಚೀಲದ ಬಾಯಿ ಕಟ್ಟದೆ ಸುಮ್ಮನೆ ನಿಂತೇ ಇದ್ದರು. ಮಾವ ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಕೆರೆಯ ಕಡೆ ಹೊರಟುಹೋದರು. ಅತ್ತೆ ಚೀಲ ಕಟ್ಟಿದರು.

ಆ ವಾರವೇ ಮಾವ ಟ್ರ್ಯಾಕ್ಟರ್ ಕರೆಸಿ ಹೊಲ ಉಳುಮೆ ಮಾಡಿಸಿದರು. ಶಿವರಾತ್ರಿಯ ಹೊತ್ತಿಗೆ ಚೀಲ ಮಿಲ್ಲಿಗೆ ಹೋಯಿತು. ಆ ಎಣ್ಣೆಯಲ್ಲಿ ಒಗ್ಗರಣೆ ಹಾಕಿಕೊಂಡು ಉಂಡವರು ನಾವೇ.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ, ಮಧ್ಯಾಹ್ನ ಉಂಡು ಮಲಗಿದ ಮಾವ ಏಳಲಿಲ್ಲ. ಕಾಯಿಲೆ ಕಸಾಲೆ ಏನೂ ಇರಲಿಲ್ಲ. ಮನೆಯ ಒಂದು ಕಾಳೂ ಮಗಳ ಹೊಸ್ತಿಲು ದಾಟಿರಲಿಲ್ಲ. ಅತ್ತೆ ಅಷ್ಟು ಜೋಪಾನ ಮಾಡಿದ್ದರು.

ನಾದಿನಿ ಬಂದಳು. ಯಾರೂ ಕರೆಯಬೇಕಾಗಲಿಲ್ಲ. ಅಪ್ಪನ ಬಾಯಿಗೆ ಅಕ್ಕಿ ಹಾಕಿದಳು, ಅಳಲಿಲ್ಲ. ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ, ಹಿತ್ತಿಲಲ್ಲಿ ನಾವು ಮೂವರೇ ಪಾತ್ರೆ ತೊಳೆಯುತ್ತ ಕೂತಿದ್ದಾಗ ಅವಳ ಸಿಟ್ಟು ಹೊರಗೆ ಬಂತು. "ಕೊನೇಗಂಟ ಅಪ್ಪ ಒಂದು ಹಿಡಿ ಕಾಳು ಕೊಡ್ನಿಲ್ಲ ನಂಗೆ" ಎಂದಳು.

ಅತ್ತೆಯ ಕೈಯಲ್ಲಿದ್ದ ತಪ್ಪಲೆ ಕೆಳಗಿಳಿಯಿತು.

"ಕೊಟ್ಟಿದ್ರು ಕಣೇ" ಎಂದರು. "ಒಂದ್ಸಲ ಕೊಟ್ಟಿದ್ರು. ನಾನೇ ತರ್ನಿಲ್ಲ."

ನಡೆದದ್ದನ್ನೆಲ್ಲ ಅವರೇ ಹೇಳಿದರು, ಗುದ್ದಲಿ, ಬೇವಿನ ಮರ, ಮಿಲ್ಲಿನ ಚೀಲ, ಏನನ್ನೂ ಬಿಡದೆ. ಹೇಳುವಾಗ ಮಗಳ ಮುಖ ನೋಡಲಿಲ್ಲ. ನಾದಿನಿ ಬೂದಿ ಮೆತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ಕೂತಿದ್ದಳು.

"ಯಾಕಮ್ಮ ತರ್ನಿಲ್ಲ?"

"ಅವ್ರು ಉಳೀಲಿ ಅಂತ ಕಣೇ" ಎಂದರು ಅತ್ತೆ. "ಕಾಯಿ ತರ್ದಿದ್ರೂ, ನಿಮ್ಮಪ್ಪ ನಿಂಗೋಸ್ಕರ ಮಂಡಿ ಊರಿ ಅಗೆದ್ರು ಅಂತ ಅವ್ರು ಇದ್ದಾಗ್ಲೇ ಹೇಳ್ಬೋದಿತ್ತು. ಅವತ್ತೇ ಬಂದ್ಬುಡ್ತಿದ್ದೆ ನೀನು. ಅಷ್ಟು ಹೊಳೀಲಿಲ್ವಲ್ಲೇ ನಂಗೆ." ಆಮೇಲೆ ಅವರು ಅತ್ತರು. ಮಾವ ಹೋದ ದಿನ ಕೂಡ ಹಾಗೆ ಅತ್ತಿರಲಿಲ್ಲ.

ನಾದಿನಿ ಕೈ ತೊಳೆದುಕೊಂಡು ಎದ್ದಳು.

"ಎಲ್ಲಿ ಅಗೆದಿದ್ರು, ತೋರ್ಸಿ ಅತ್ತಿಗೆ" ಎಂದಳು.

ನಾವಿಬ್ಬರೇ ಹೊಲಕ್ಕೆ ಹೋದೆವು. ಅವಳು ಅಲ್ಲಿ ಕಾಲಿಟ್ಟು ಎಷ್ಟು ವರ್ಷವಾಗಿತ್ತೋ. ಉತ್ತ ನೆಲದ ಮೇಲೆ ಒಂದು ಮಳೆಯೂ ಬಿದ್ದಿತ್ತು. ಎಲ್ಲಿ ನೋಡಿದರೂ ಒಂದೇ ಕೆಂಪು, ಯಾವ ಗುರುತೂ ಉಳಿದಿರಲಿಲ್ಲ. ನನಗೂ ಜಾಗ ಸರಿಯಾಗಿ ನೆನಪಾಗಲಿಲ್ಲ. ಆದರೆ ಅವಳು ನನ್ನ ಮುಖ ನೋಡುತ್ತ ನಿಂತಿದ್ದಳಲ್ಲ, ಕೈ ತೋರಿಸಿ, "ಇಲ್ಲಿಂದ ಆ ಬದದ ತನಕ" ಎಂದುಬಿಟ್ಟೆ. ಅಷ್ಟೆಲ್ಲ ಅವರು ಅಗೆದಿರಲಿಲ್ಲ.

ಅವಳು ಚಪ್ಪಲಿ ಬಿಟ್ಟು ಆ ಬದದ ತನಕವೂ ನಡೆದಳು. ವಾಪಸ್ ಬರುವಾಗ ಅಲ್ಲಲ್ಲಿ ಕೂತು, ಹೆಂಟೆ ಒಡೆದು, ಮಣ್ಣಿನೊಳಗೆ ಬೆರಳಾಡಿಸಿ ಹುಡುಕುತ್ತ ಬಂದಳು. ಕತ್ತಲಾಗುತ್ತೆ ಬಾ ಎಂದು ಕರೆದರೂ ಏಳಲಿಲ್ಲ. ಒಂದು ಕಾಯಾದರೂ ಸಿಕ್ಕೀತೆಂದು ಹುಡುಕಿದಳು. ಸಿಗುವ ಹಾಗಿರಲಿಲ್ಲ. ಅವಳಮ್ಮ ಅವತ್ತು ಒಂದನ್ನೂ ಬಿಡದೆ ಆಯ್ದುಬಿಟ್ಟಿದ್ದರು.